ವಿಟಮಿನ್ ಸಿ ಸೀರಂ, ಶೆಕೆ ಮತ್ತು ಬಂಗು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಲ್ಲಿ ಔಷಧ ಅಂಗಡಿ ನಡೆಸುವ ಫಾರ್ಮಾಸಿಸ್ಟ್ ನಾನು, ವೈದ್ಯನಲ್ಲ. ಬಿಪಿ, ಶುಗರ್ ಮಾತ್ರೆ ಕಟ್ಟಿಸಿಕೊಂಡು ದುಡ್ಡು ಕೊಟ್ಟಾದ ಮೇಲೆ, ಪಕ್ಕದಲ್ಲಿ ಬೇರೆ ಗಿರಾಕಿ ಇಲ್ಲದ್ದು ನೋಡಿಕೊಂಡು, ದನಿ ತಗ್ಗಿಸಿ ಕೇಳುವ ಪ್ರಶ್ನೆಗಳು ಕೆಲವಿವೆ. ಈಗೀಗ ಅವುಗಳಲ್ಲಿ ಹೆಚ್ಚಿನವು ಮುಖಕ್ಕೆ ಹಚ್ಚುವ ವಿಟಮಿನ್ ಸಿ ಸೀರಂ ಕುರಿತಾದವು. ಕಾರವಾರದಿಂದ ಭಟ್ಕಳದವರೆಗೆ ಸರಿಯೇ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ತೋಟದ ಮನೆಗಳಿಗೂ ಅದು ಕೊರಿಯರಿನಲ್ಲಿ ಬರುತ್ತಿದೆ. ಆದರೆ ಬಾಟಲಿಯ ಜೊತೆಗಿನ ಚೀಟಿ ಬರೆದವರು ನಮ್ಮ ಏಪ್ರಿಲ್ ತಿಂಗಳ ಶೆಕೆ ಕಂಡವರಲ್ಲ. ಹಾಗಾಗಿ ಇಲ್ಲಿಯವರು ಕೇಳಿದ್ದಕ್ಕೆ ಇಲ್ಲಿಗೆ ಹೊಂದುವ ಉತ್ತರ. ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ, ಕೇಳಬೇಡಿ.

ಇದನ್ನು ಹಚ್ಚಿದರೆ ನಿಜಕ್ಕೂ ಏನಾದರೂ ಆಗ್ತದಾ, ಅಥವಾ ಬರೀ ಜಾಹೀರಾತಾ?

ಆಗುತ್ತದೆ. ಜಾಹೀರಾತು ಹೇಳುವಷ್ಟಲ್ಲ, ನಿಧಾನಕ್ಕೆ.

ಬಾಳೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದೆ, ಹುಳಿ ಮಜ್ಜಿಗೆ ನೀರಿಗೆ ಹಾಕಿದರೆ ಬಣ್ಣ ಉಳಿಯುತ್ತದೆ. ಇದು ಎಲ್ಲ ಅಡುಗೆಮನೆಗೂ ಗೊತ್ತು. ಬಾಳೆಕಾಯಿಯನ್ನು ಕಪ್ಪು ಮಾಡುವುದು ತಾಮ್ರ ಹೊತ್ತ ಒಂದು ಕಿಣ್ವ. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಕಪ್ಪುಬಣ್ಣ ತಯಾರಿಸುವ ಟೈರೊಸಿನೇಸ್ ಕೂಡ ಅದೇ ಬಗೆಯದು. ವಿಟಮಿನ್ ಸಿ ಈ ಕಿಣ್ವದ ಕೆಲಸಕ್ಕೆ ಅಡ್ಡ ಬರುತ್ತದೆ, ಅರ್ಧ ತಯಾರಾದ ಬಣ್ಣವನ್ನು ಹಿಂದಕ್ಕೂ ಕಳಿಸುತ್ತದೆ. ಇದು ಮೊದಲ ಕೆಲಸ.

ಎರಡನೆಯದು, ಬಿಸಿಲು ಬಿದ್ದಾಗ ಚರ್ಮದೊಳಗೆ ಹುಟ್ಟುವ ಹಾನಿಕಾರಕ ಆಮ್ಲಜನಕದ ಕಣಗಳನ್ನು ತಣಿಸುವುದು. ಮೂರನೆಯದು ಕೊಲಾಜೆನ್. ಚರ್ಮಕ್ಕೆ ಬಿಗಿ ಕೊಡುವ ಈ ನಾರು ಗಟ್ಟಿಯಾಗಬೇಕಾದರೆ ವಿಟಮಿನ್ ಸಿ ಬೇಕೇ ಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಹಿಂದಿನ ಕಾಲದ ಹಡಗಿನವರು ಅನುಭವಿಸಿದ್ದಾರೆ: ಒಸಡು ಕೊಳೆತು, ಹಳೆಯ ಗಾಯ ಬಿರಿಯುವ ಸ್ಕರ್ವಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾ ವೈದ್ಯ ಕಿತ್ತಳೆ, ಲಿಂಬೆ ಕೊಟ್ಟು ಅದನ್ನು ಗುಣಪಡಿಸಿ ತೋರಿಸಿದ. ಕಾರಣ ಯಾವ ವಸ್ತು ಎಂಬುದು ತಿಳಿಯಲು ಇಪ್ಪತ್ತನೇ ಶತಮಾನ ಬರಬೇಕಾಯಿತು. ಹಂಗೇರಿಯ ಆಲ್ಬರ್ಟ್ ಸೆಂಟ್ ಜ್ಯೋರ್ಜಿಗೆ 1937ರಲ್ಲಿ ನೊಬೆಲ್ ಬಂದದ್ದರಲ್ಲಿ ಈ ವಿಟಮಿನ್ನಿನ ಕೆಲಸವೂ ಸೇರಿದೆ.

ಸುಕ್ಕು ಪೂರ್ತಿ ಹೋಗುತ್ತದೆಯೇ? ಇಲ್ಲ. ಸಣ್ಣ ಗೆರೆಗಳು ತುಸು ಮೆದುವಾಗಬಹುದು, ಅಷ್ಟೆ.

ಬೆಳ್ಳಗಾಗ್ತೇನಾ?

ಇಲ್ಲ. ಬಿಸಿಲಿಗೆ, ಮೊಡವೆಗೆ, ಬಂಗಿಗೆ ಹೆಚ್ಚಾಗಿ ಕೂತ ಕಪ್ಪು ತಿಳಿಯಾಗಬಹುದು. ಹುಟ್ಟಿನ ಬಣ್ಣ ಬದಲಾಗದು, ಬದಲಾಗಬೇಕಾದ ಅಗತ್ಯವೂ ಇಲ್ಲ. ಮದುವೆಗೆ ಹದಿನೈದು ದಿನ ಇರುವಾಗ ಬಂದು ಕೇಳುವವರಿಗೆ ನಾನು ಸೀರಂ ಕೊಡುವುದಿಲ್ಲ. ಅಷ್ಟರಲ್ಲಿ ಏನೂ ಆಗುವುದಿಲ್ಲ, ಆದರೆ ಹೊಸ ಔಷಧಿಗೆ ಮುಖ ಕೆಂಪಾಗುವ ಸಾಧ್ಯತೆ ಮಾತ್ರ ಇರುತ್ತದೆ.

ಎರಡೂ ಕೆನ್ನೆಗೆ ಬಂಗು ಬಂದಿದೆ. ಇದರಿಂದ ಹೋಗ್ತದಾ?

ನನ್ನ ಕೌಂಟರಿನಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಮೂವತ್ತು ದಾಟಿದ ಹೆಂಗಸರು. ಬಸುರಿಯಾದಾಗ ಶುರುವಾಯಿತು, ಇನ್ನೂ ಹೋಗಿಲ್ಲ ಎನ್ನುತ್ತಾರೆ.

2004ರಲ್ಲಿ ಪ್ರಕಟವಾದ ಮೆಕ್ಸಿಕೋದ ಒಂದು ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಂಗು ಇದ್ದ 16 ಹೆಂಗಸರ ಮುಖದ ಒಂದು ಬದಿಗೆ ಶೇ 5ರ ವಿಟಮಿನ್ ಸಿ, ಇನ್ನೊಂದು ಬದಿಗೆ ಶೇ 4ರ ಹೈಡ್ರೋಕ್ವಿನೋನ್ ಎಂಬ, ಕಪ್ಪು ತಿಳಿಯಾಗಿಸುವ ಔಷಧಿ ಹಚ್ಚಿಸಿದರು. ಎಲ್ಲರಿಗೂ ಸನ್‌ಸ್ಕ್ರೀನ್ ಕಡ್ಡಾಯ. 16 ವಾರಗಳ ಬಳಿಕ ಹೈಡ್ರೋಕ್ವಿನೋನ್ ಬದಿಯಲ್ಲಿ ಶೇ 93 ಮಂದಿಗೆ ಚೆನ್ನಾಗಿ ಗುಣ ಕಂಡಿತು, ವಿಟಮಿನ್ ಸಿ ಬದಿಯಲ್ಲಿ ಶೇ 62.5 ಮಂದಿಗೆ. ಆದರೆ ಉರಿ, ಕೆಂಪು, ತುರಿಕೆ ಆದದ್ದು ಹೈಡ್ರೋಕ್ವಿನೋನ್ ಬದಿಯಲ್ಲಿ ಶೇ 68.7 ಮಂದಿಗೆ, ವಿಟಮಿನ್ ಸಿ ಬದಿಯಲ್ಲಿ ಶೇ 6.2 ಮಂದಿಗೆ ಮಾತ್ರ. ಹದಿನಾರೇ ಜನ ಎಂಬುದು ನೆನಪಿರಲಿ, ಇದನ್ನೇ ವೇದವಾಕ್ಯ ಎನ್ನಲಾಗದು. ಆದರೂ ಈ ವಿಟಮಿನ್ನಿನ ಸ್ವಭಾವ ಇದರಲ್ಲಿ ಚೆನ್ನಾಗಿ ಕಾಣುತ್ತದೆ: ಬಲ ಕಡಿಮೆ, ಉಪದ್ರವವೂ ಕಡಿಮೆ.

ಬಂಗಿನ ತೊಂದರೆ ಎಂದರೆ ಅದು ಕಲೆಯಲ್ಲ, ಒಂದು ಪ್ರವೃತ್ತಿ. ತಿಳಿಯಾದದ್ದು ಒಂದು ಬೇಸಿಗೆಯಲ್ಲಿ ಮತ್ತೆ ಬರುತ್ತದೆ. ಹಾರ್ಮೋನು, ಮನೆತನ, ಬಿಸಿಲು ಮೂರೂ ಸೇರಿ ತರಿಸುವ ಕಾಯಿಲೆಯಲ್ಲಿ ನಮ್ಮ ಕೈಯಲ್ಲಿರುವುದು ಬಿಸಿಲೊಂದೇ. ಅದರಲ್ಲೂ ಕಣ್ಣಿಗೆ ಕಾಣುವ ಬೆಳಕು ಕೂಡ ನಮ್ಮಂಥ ಕಂದು ಚರ್ಮದಲ್ಲಿ ಬಂಗನ್ನು ಗಾಢ ಮಾಡುತ್ತದೆ. ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಬಂಗು ಇದ್ದವರು ಆ ಬಗೆಯದನ್ನೇ ಕೇಳಿ ಪಡೆಯಿರಿ.

ಶೇ 5, ಶೇ 10, ಶೇ 20 ಎಂದೆಲ್ಲ ಇದೆ. ಜಾಸ್ತಿ ಇದ್ದದ್ದೇ ಒಳ್ಳೆಯದಲ್ಲವಾ?

ಅಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನೆಲ್ ಮತ್ತು ಸಂಗಡಿಗರು 2001ರಲ್ಲಿ ಹಂದಿಯ ಚರ್ಮದ ಮೇಲೆ ಇದನ್ನು ಅಳೆದರು. ಶುದ್ಧ ವಿಟಮಿನ್ ಸಿ ಚರ್ಮದೊಳಗೆ ಇಳಿಯಬೇಕಾದರೆ ದ್ರಾವಣದ ಪಿಎಚ್ 3.5ಕ್ಕಿಂತ ಕೆಳಗಿರಬೇಕು, ಅಂದರೆ ಸಾಕಷ್ಟು ಹುಳಿಯಾಗಿರಬೇಕು. ಶೇ 20ರವರೆಗೆ ಹೀರಿಕೆ ಏರುತ್ತದೆ, ಅದರಾಚೆ ಏರುವುದಿಲ್ಲ. ಒಮ್ಮೆ ಚರ್ಮ ತುಂಬಿಕೊಂಡರೆ ಅರ್ಧ ಕರಗಲು ಸುಮಾರು ನಾಲ್ಕು ದಿನ ಬೇಕು. ಹಾಗಾಗಿ ಒಂದು ದಿನ ಮರೆತರೆ ಆಕಾಶ ಕಳಚಿ ಬೀಳುವುದಿಲ್ಲ.

ಹೊಸಬರು ಶೇ 5 ಅಥವಾ 10ರಿಂದ ಶುರು ಮಾಡಿ. ಬೆವರಿ ಬೆವರಿ ಮೊದಲೇ ಉರಿಯುವ ಚರ್ಮಕ್ಕೆ ಶೇ 20ರ ಹುಳಿ ಹೆಚ್ಚಾಗುತ್ತದೆ. ಶೇ 30 ಎಂದು ದೊಡ್ಡಕ್ಷರದಲ್ಲಿ ಬರೆದ ಬಾಟಲಿ ಕಂಡರೆ ನನಗಂತೂ ಅನುಮಾನ.

ತಂದಾಗ ನೀರಿನ ಹಾಗೆ ಇತ್ತು, ಈಗ ಚಹಾದ ಬಣ್ಣ ಬಂದಿದೆ. ಹಚ್ಚಬಹುದಾ?

ಬೇಡ. ಅದು ಮುಗಿಯಿತು.

ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೆ ಉತ್ತರ ಕೊಡುತ್ತೇನೆ, ಏಕೆಂದರೆ ಕರಾವಳಿಯಲ್ಲಿ ವಿಟಮಿನ್ ಸಿ ಕೆಲಸ ಮಾಡದೇ ಹೋಗಲು ಮುಖ್ಯ ಕಾರಣ ಇದೇ. ವಿಟಮಿನ್ ಸಿ ಗಾಳಿಯ ಆಮ್ಲಜನಕದ ಜೊತೆ ಬಲು ಬೇಗ ಸೇರುವ ವಸ್ತು. ಅದರ ಗುಣವೇ ಅದು. ಶಾಖ, ಬೆಳಕು, ನೀರಿನಲ್ಲಿರುವ ಕಬ್ಬಿಣ ಮತ್ತು ತಾಮ್ರದ ಅಂಶ ಈ ಕೆಲಸವನ್ನು ಇನ್ನೂ ಬೇಗ ಮುಗಿಸುತ್ತವೆ. ಮೊದಲ ಹಂತದಲ್ಲಿ ಆಗುವ ವಸ್ತುವಿಗೆ ಇನ್ನೂ ಹಿಂದಿರುಗುವ ದಾರಿ ಇದೆ. ಅದರ ಮುಂದಿನ ಹಂತಕ್ಕೆ ಹೋದರೆ ಇಲ್ಲ. ಬಣ್ಣವಿಲ್ಲದ್ದು ತೆಳು ಹಳದಿಯಾಗಿ, ಕಿತ್ತಳೆಯಾಗಿ, ಕೊನೆಗೆ ಕಂದಾಗುತ್ತದೆ. ತೆಳು ಹಳದಿಯವರೆಗೆ ಬಳಸಬಹುದು. ಕಿತ್ತಳೆ, ಕಂದು ಆದರೆ ಚೆಲ್ಲಿ. ಹಾಳಾದಾಗ ಹುಟ್ಟುವ ಎರಿತ್ರುಲೋಸ್ ಎಂಬ ವಸ್ತು ಚರ್ಮಕ್ಕೇ ಕಂದು ಛಾಯೆ ಹಿಡಿಸಬಲ್ಲದು. ಕಲೆ ಹೋಗಲಿ ಎಂದು ಹಚ್ಚಿದ್ದು ಬಣ್ಣ ಬಳಿದಂತಾಗುತ್ತದೆ.

ಈಗ ನಮ್ಮಲ್ಲಿ ಇದನ್ನು ಎಲ್ಲಿಡುತ್ತಾರೆ ನೋಡಿ. ಬಚ್ಚಲುಮನೆಯ ಕನ್ನಡಿಯ ಕೆಳಗಿನ ಹಲಗೆ: ಹಂಡೆಯ ಹಬೆ, ಸದಾ ತೇವ. ಸ್ಕೂಟಿಯ ಡಿಕ್ಕಿ: ಏಪ್ರಿಲ್ ಮಧ್ಯಾಹ್ನ ಅದರೊಳಗೆ ಕೈ ಇಟ್ಟರೆ ಸುಡುತ್ತದೆ. ಕಿಟಕಿಯ ದಂಡೆ: ಇಡೀ ಬೆಳಕು. ಇವು ಮೂರೂ ಬೇಡ. ಫ್ರಿಜ್ಜಿನ ಬಾಗಿಲಲ್ಲಿ, ಮುಚ್ಚಳ ಬಿಗಿ ಮಾಡಿ ಇಡಿ. ಮಳೆಗಾಲದಲ್ಲಿ ಕರೆಂಟು ಕೆಲವು ತಾಸು ಹೋದರೂ ಪರವಾಗಿಲ್ಲ, ಮುಚ್ಚಿದ ಫ್ರಿಜ್ಜು ಅಷ್ಟು ಹೊತ್ತು ಕೋಣೆಗಿಂತ ತಂಪೇ. ಫ್ರಿಜ್ಜಿಲ್ಲದವರು ಬೆಳಕು ಬೀಳದ ಕಪಾಟಿನ ಕೆಳಖಾನೆಯಲ್ಲಿಡಿ. ಹನಿ ಬಿಡುವ ನಳಿಗೆಯನ್ನು ಮುಖಕ್ಕೆ ತಾಗಿಸಬೇಡಿ. ಅಂಗೈಗೆ ಬಿಟ್ಟುಕೊಂಡು ಕೂಡಲೇ ಮುಚ್ಚಿ.

ಒಂದು ಲೆಕ್ಕ ಹೇಳುತ್ತೇನೆ. ಒಂದು ಸಲಕ್ಕೆ ಐದು ಹನಿ, ಅಂದರೆ ಸುಮಾರು ಕಾಲು ಮಿ.ಲೀ. 30 ಮಿ.ಲೀ. ಬಾಟಲಿ ನಾಲ್ಕು ತಿಂಗಳು ಬರುತ್ತದೆ. ತೆರೆದ ಬಾಟಲಿಯನ್ನು ಮೂರು ತಿಂಗಳೊಳಗೆ, ನಮ್ಮ ಬೇಸಿಗೆಯಲ್ಲಾದರೆ ಇನ್ನೂ ಬೇಗ ಮುಗಿಸಬೇಕು. ಹಾಗಾದರೆ ದೊಡ್ಡ ಬಾಟಲಿ ಅಗ್ಗ ಎಂದು ತಂದವರಿಗೆ ಕೊನೆಯ ಪಾಲು ದಂಡ. 10 ಅಥವಾ 15 ಮಿ.ಲೀ.ಯದು ಸಿಕ್ಕಿದರೆ ಅದನ್ನೇ ಕೊಳ್ಳಿ. ದೊಡ್ಡದೇ ಬಂದಿದ್ದರೆ ಕುತ್ತಿಗೆ, ಕೈಯ ಹಿಂಬದಿಗೂ ಹಚ್ಚಿ ಮುಗಿಸಿ. ಮಾರ್ಚ್‌ನಿಂದ ಮೇವರೆಗೆ ಬರುವ ಕೊರಿಯರ್ ಪೆಟ್ಟಿಗೆಯನ್ನು ಬಂದ ದಿನವೇ ಬಿಚ್ಚಿ ಬಣ್ಣ ನೋಡಿ, ಕಂದಾಗಿದ್ದರೆ ವಾಪಸ್ ಮಾಡಿ.

ಬಾಟಲಿಯ ಹಿಂದೆ ಅಸ್ಕಾರ್ಬಿಕ್ ಆಸಿಡ್ ಅಂತ ಇಲ್ಲ, ಬೇರೇನೋ ಉದ್ದ ಹೆಸರಿದೆ. ಮೋಸವಾ?

ಮೋಸವಲ್ಲ. ಶುದ್ಧ ರೂಪ ಬೇಗ ಹಾಳಾಗುತ್ತದೆ ಎಂದು ಮಾಡಿದ ಬೇರೆ ರೂಪಗಳು ಅವು: ಸೋಡಿಯಂ ಅಸ್ಕಾರ್ಬಿಲ್ ಫಾಸ್ಫೇಟ್, ಮ್ಯಾಗ್ನೀಸಿಯಂ ಅಸ್ಕಾರ್ಬಿಲ್ ಫಾಸ್ಫೇಟ್, ಅಸ್ಕಾರ್ಬಿಲ್ ಗ್ಲುಕೋಸೈಡ್, ಈಥೈಲ್ ಅಸ್ಕಾರ್ಬಿಕ್ ಆಸಿಡ್. ಹೆಚ್ಚು ಹುಳಿಯಿಲ್ಲ, ಉರಿ ಕಡಿಮೆ, ಬಾಳಿಕೆ ಹೆಚ್ಚು. ಚರ್ಮದೊಳಗೆ ಹೋದ ಮೇಲೆ ಮೂಲ ವಿಟಮಿನ್ ಆಗಿ ಬದಲಾಗಬೇಕು, ಅದು ಎಷ್ಟು ಆಗುತ್ತದೆ ಎಂಬುದಕ್ಕೆ ಪುರಾವೆ ಶುದ್ಧ ರೂಪದಷ್ಟು ಗಟ್ಟಿಯಾಗಿಲ್ಲ. ಆದರೂ ಫ್ರಿಜ್ಜಿಲ್ಲದ ಮನೆಗೆ, ಸೂಕ್ಷ್ಮ ಚರ್ಮಕ್ಕೆ ನಾನು ಇವನ್ನೇ ಹೇಳುವುದು. ಕಂದಾದ ಶುದ್ಧ ಸೀರಮ್ಮಿಗಿಂತ ಕೆಡದ ಫಾಸ್ಫೇಟ್ ಮೇಲು. ಮೊಡವೆ ಇದ್ದವರಿಗೆ ಸೋಡಿಯಂ ಫಾಸ್ಫೇಟ್ ರೂಪದಿಂದ ಸ್ವಲ್ಪ ಅನುಕೂಲವೂ ಕಂಡಿದೆ.

ಶುದ್ಧ ರೂಪವೇ ಬೇಕೆಂದರೆ ವಿಟಮಿನ್ ಇ ಮತ್ತು ಫೆರುಲಿಕ್ ಆಸಿಡ್ ಸೇರಿದ್ದು ನೋಡಿ. ಅದೇ ಪಿನೆಲ್ ತಂಡ 2005ರಲ್ಲಿ ಶೇ 15ರ ವಿಟಮಿನ್ ಸಿ, ಶೇ 1ರ ವಿಟಮಿನ್ ಇ ಇದ್ದ ದ್ರಾವಣಕ್ಕೆ ಅರ್ಧ ಶೇಕಡಾ ಫೆರುಲಿಕ್ ಆಸಿಡ್ ಸೇರಿಸಿ ನೋಡಿತು. ದ್ರಾವಣದ ಬಾಳಿಕೆ ಹೆಚ್ಚಿತು, ಬಿಸಿಲಿನಿಂದ ಸಿಗುವ ರಕ್ಷಣೆ ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿತು.

ಹಿತ್ತಲಲ್ಲೇ ಲಿಂಬೆ ಇದೆಯಲ್ಲ, ಅದನ್ನೇ ತಿಕ್ಕಿದರೆ?

ದಯವಿಟ್ಟು ಬೇಡ. ಮುಖದ ಮೇಲೆ ಲಿಂಬೆ ಹಚ್ಚಿಕೊಂಡು ಬಿಸಿಲಿಗೆ ಹೋದವರ ಚರ್ಮ ನೋಡಿದ್ದೇನೆ.

ಮೊದಲು ಪ್ರಮಾಣ. 100 ಮಿ.ಲೀ. ಲಿಂಬೆರಸದಲ್ಲಿ ವಿಟಮಿನ್ ಸಿ ಇರುವುದು 30ರಿಂದ 50 ಮಿ.ಗ್ರಾಂ. ಶೇ 10ರ ಸೀರಮ್ಮಿನಲ್ಲಿ ಅಷ್ಟೇ ಅಳತೆಗೆ 10,000 ಮಿ.ಗ್ರಾಂ. ಇನ್ನೂರು ಪಟ್ಟಿಗೂ ಹೆಚ್ಚು. ಲಿಂಬೆಯ ಹುಳಿ ವಿಟಮಿನ್ ಸಿಯದ್ದಲ್ಲ, ಸಿಟ್ರಿಕ್ ಆಮ್ಲದ್ದು.

ಇನ್ನು ಅಪಾಯ. ನಮ್ಮ ಸಣ್ಣ, ದುಂಡನೆಯ ಲಿಂಬೆಯ ಸಿಪ್ಪೆಯಲ್ಲಿ ಫ್ಯೂರೋಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತಾಗುತ್ತದೆ. ಕೂಡಲೇ ಗೊತ್ತಾಗುವುದಿಲ್ಲ, ಒಂದು ದಿನ ಬಿಟ್ಟು ಕೆಂಪು, ಎರಡು ಮೂರನೆಯ ದಿನಕ್ಕೆ ಬೊಬ್ಬೆ. ಆಮೇಲೆ ರಸ ಹರಿದ ಗೆರೆಯಲ್ಲೇ ಕಂದು ಕಲೆ, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಅಂಗಳದಲ್ಲಿ ಕೂತು ಉಪ್ಪಿನಕಾಯಿಗೆ ಲಿಂಬೆ ಹೆಚ್ಚುವವರೂ ಕೈ ತೊಳೆದುಕೊಂಡೇ ಬಿಸಿಲಿಗೆ ಹೋಗಬೇಕು.

ಶಿರಸಿ ಕಡೆಯ ಅಕ್ಕಂದಿರು ಒಂದು ವಾದ ಮುಂದಿಡುತ್ತಾರೆ: ಅಡಿಕೆ ಸುಲಿದು ಕಪ್ಪಾದ ಬೆರಳು ಲಿಂಬೆ ತಿಕ್ಕಿದರೆ ತಿಳಿಯಾಗುತ್ತದಲ್ಲ? ಹೌದು, ಆದರೆ ಆ ಕಪ್ಪು ಅಡಿಕೆಯ ಚೊಗರು ಮೆಟ್ಟುಗತ್ತಿಯ ಕಬ್ಬಿಣದ ಜೊತೆ ಸೇರಿ ಚರ್ಮದ ಮೇಲೆ ಕೂತ ಕರೆ. ಹುಳಿ ಅದನ್ನು ಬಿಡಿಸುತ್ತದೆ. ಮೆಲನಿನ್ ಇರುವುದು ಚರ್ಮದೊಳಗೆ, ಅದಕ್ಕೆ ಈ ತಿಕ್ಕಾಟ ತಟ್ಟುವುದೇ ಇಲ್ಲ.

ನೆಲ್ಲಿಕಾಯಿ, ಗೇರುಹಣ್ಣು, ಮುರುಗಲು?

ತಿನ್ನಿ. ಗೇರುಹಣ್ಣಿನಲ್ಲಿ ಕಿತ್ತಳೆಯ ನಾಲ್ಕೈದು ಪಟ್ಟು ವಿಟಮಿನ್ ಸಿ ಇದೆ, ನೆಲ್ಲಿಕಾಯಿಯೂ ಅದೇ ಸಾಲಿನದು. ಅಂಕೋಲೆ, ಕುಮಟೆ, ಹೊನ್ನಾವರದ ಗುಡ್ಡಗಳಲ್ಲಿ ಬೀಜ ಕಿತ್ತುಕೊಂಡು ಹಣ್ಣನ್ನು ಬುಡದಲ್ಲೇ ಬಿಟ್ಟು ಬರುತ್ತೇವೆ, ಆಮೇಲೆ ವಿಟಮಿನ್ ಮಾತ್ರೆಗೆ ದುಡ್ಡು ಕೊಡುತ್ತೇವೆ. ಆದರೆ ಗೇರಿನ ಯಾವುದನ್ನೂ ಮುಖದ ಹತ್ತಿರ ತರಬೇಡಿ. ಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಏಳುತ್ತದೆ, ಗೇರು ಸುಟ್ಟವರಿಗೆ ಇದು ಹೇಳಬೇಕಾಗಿಲ್ಲ.

ಮುರುಗಲಿನ (ಕೋಕಂ) ಹುಳಿ ಹೆಚ್ಚಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು. ಶೆಕೆಗೆ ಪಾನಕ ಕುಡಿಯಲು ಅದಕ್ಕೆ ಸಮನಾದುದಿಲ್ಲ, ಕಲೆಗೆ ಉಪಯೋಗವಿಲ್ಲ. ಅದರ ಬೀಜದ ತುಪ್ಪ ಮಾತ್ರ ಒಡೆದ ಹಿಮ್ಮಡಿಗೆ, ಒಣಗಿದ ತುಟಿಗೆ ಅಂಗಡಿಯ ಎಷ್ಟೋ ಕ್ರೀಮಿಗಿಂತ ಚೆನ್ನ. ಹೀಗೆ ಹೇಳಿದರೆ ನನ್ನ ವ್ಯಾಪಾರಕ್ಕೇ ಕಲ್ಲು, ಇರಲಿ.

ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿದರೆ ಸೀರಂ ಆಗುವುದಿಲ್ಲವಾ?

ಚೀಪುವ ಮಾತ್ರೆಯಲ್ಲಿ ಸಕ್ಕರೆ, ಬಣ್ಣ, ಸುವಾಸನೆ ಎಲ್ಲ ಇರುತ್ತವೆ, ಪಿಎಚ್ ಎಷ್ಟಿದೆಯೋ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯ, ನಮ್ಮದು ಚಿರೇಕಲ್ಲಿನ ನೆಲ. ಎಷ್ಟೋ ಬಾವಿಗಳ ನೀರಿನಲ್ಲಿ ಕಬ್ಬಿಣ ಇದೆ. ಕೊಡದ ತಳದಲ್ಲಿ ಕೆಂಪು ಗಸಿ ಕೂರುವುದು ಅದೇ. ಆ ನೀರಿಗೆ ವಿಟಮಿನ್ ಸಿ ಹಾಕಿದರೆ ಕಬ್ಬಿಣವೇ ಅದನ್ನು ಬೇಗ ಬೇಗ ಕೆಡಿಸುತ್ತದೆ.

ಹಚ್ಚುವ ಬದಲು ಮಾತ್ರೆ ತಿಂದರೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ದಿನದ ಅಗತ್ಯ ಗಂಡಸರಿಗೆ 80 ಮಿ.ಗ್ರಾಂ, ಹೆಂಗಸರಿಗೆ 65 ಮಿ.ಗ್ರಾಂ. ಒಂದು ಪೇರಲೆಹಣ್ಣು ತಿಂದರೆ ಮುಗಿಯಿತು. ದಿನಕ್ಕೆ 200ರಿಂದ 400 ಮಿ.ಗ್ರಾಂ ದಾಟಿದರೆ ರಕ್ತ ಇನ್ನು ಹಿಡಿದುಕೊಳ್ಳುವುದಿಲ್ಲ, ಮಿಕ್ಕದ್ದು ಮೂತ್ರದಲ್ಲಿ ಹೋಗುತ್ತದೆ. ಕೊರತೆ ಇಲ್ಲದವರು ಹೆಚ್ಚು ತಿಂದರೆ ಮುಖದ ಕಲೆಗೆ ಹೆಚ್ಚು ಸಿಗುವುದಿಲ್ಲ.

ಕಿಡ್ನಿ ಕಲ್ಲು ಆದವರು ಈ ಮಾತ್ರೆಯನ್ನು ಸುಮ್ಮನೆ ನುಂಗಬೇಡಿ. ಸ್ವೀಡನ್ನಿನ ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಟಮಿನ್ ಸಿ ಮಾತ್ರೆ ತಿನ್ನುತ್ತಿದ್ದವರಿಗೆ ಕಲ್ಲಾಗುವ ಸಂಭವ ಸುಮಾರು ಇಮ್ಮಡಿ ಇತ್ತು. ಬೇಸಿಗೆಯಲ್ಲಿ ಬೆವರಿ, ನೀರು ಕಡಿಮೆ ಕುಡಿಯುವ ನಮ್ಮವರಿಗೆ ಇದು ದೂರದ ಮಾತಲ್ಲ. ಮುಖಕ್ಕೆ ಹಚ್ಚಿದ್ದರಿಂದ ಕಲ್ಲಾಗುವುದಿಲ್ಲ, ಆ ಭಯ ಬೇಡ.

ಗ್ಲುಟಾಥಯೋನ್ ಮತ್ತು ವಿಟಮಿನ್ ಸಿ ಸೇರಿಸಿ ಡ್ರಿಪ್ ಕೊಡುತ್ತಾರಂತೆ, ಬೆಳ್ಳಗಾಗಲು?

ಗ್ಲುಟಾಥಯೋನ್ ನಮ್ಮ ಮೈಯಲ್ಲೇ ತಯಾರಾಗುವ ಒಂದು ವಸ್ತು. ಚರ್ಮ ಬೆಳ್ಳಗಾಗಿಸಲು ಅದರ ಇಂಜೆಕ್ಷನ್ನಿಗೆ ಭಾರತದಲ್ಲಿ ಅನುಮತಿ ಇಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇದ್ದವರಿಗೆ ರಕ್ತನಾಳಕ್ಕೆ ಹೆಚ್ಚು ವಿಟಮಿನ್ ಸಿ ಹೋದರೆ ಕೆಂಪು ರಕ್ತಕಣ ಒಡೆಯುತ್ತದೆ, ಆ ಕೊರತೆ ತನಗಿದೆ ಎಂಬುದು ಹಲವರಿಗೆ ಗೊತ್ತೇ ಇರುವುದಿಲ್ಲ. ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ ಕೂತು ಸೂಜಿ ಚುಚ್ಚಿಸಿಕೊಳ್ಳಬೇಡಿ.

ಹಚ್ಚಿದ ಕೂಡಲೇ ಚುರುಚುರು ಎನ್ನುತ್ತದೆ.

ಶುದ್ಧ ರೂಪ ಹುಳಿಯಾದ್ದರಿಂದ ಒಂದೆರಡು ನಿಮಿಷ ಚುರುಗುಟ್ಟುವುದು ಸಹಜ. ಕೆಂಪಾಗಿ ಹಾಗೇ ನಿಂತರೆ, ತುರಿಸಿದರೆ, ಬಾತರೆ ತೊಳೆದು ಬಿಟ್ಟುಬಿಡಿ. ಕ್ಷೌರ ಮಾಡಿದ ಕೂಡಲೇ, ಪಾರ್ಲರಿನಲ್ಲಿ ದಾರ ಎಳೆಸಿದ ದಿನ, ಸಮುದ್ರದಲ್ಲಿ ಆಡಿ ಬಂದು ಉಪ್ಪುನೀರು ತೊಳೆಯದೆ ಹಚ್ಚಬೇಡಿ. ಹೊಸ ಬಾಟಲಿ ತಂದರೆ ಎರಡು ದಿನ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಗೆ ಹಚ್ಚಿ ನೋಡಿ, ಆಮೇಲೆ ಮುಖ. ಅದೂ ಮೊದಲ ವಾರ ದಿನ ಬಿಟ್ಟು ದಿನ. ಸುವಾಸನೆ ಸೇರಿಸಿದ, ಕಿತ್ತಳೆ ಎಣ್ಣೆ ಹಾಕಿದ ಸೀರಮ್ಮಿನಿಂದ ಬರುವ ತುರಿಕೆಗೆ ಎಷ್ಟೋ ಸಲ ವಿಟಮಿನ್ ಕಾರಣವೇ ಅಲ್ಲ, ಆ ಪರಿಮಳ ಕಾರಣ.

ಬಸುರಿ, ಬಾಣಂತಿ ಹಚ್ಚಬಹುದಾ?

ಹಚ್ಚಬಹುದು, ಮುಖಕ್ಕೆ ಹಚ್ಚುವ ವಿಟಮಿನ್ ಸಿ ಆ ಸಮಯದಲ್ಲಿ ಕ್ಷೇಮ ಎಂದೇ ವೈದ್ಯರು ಪರಿಗಣಿಸುತ್ತಾರೆ. ಬೇಡವಾದದ್ದು ವಿಟಮಿನ್ ಎ ಮನೆತನದವು, ಅಂದರೆ ರೆಟಿನಾಲ್, ಟ್ರೆಟಿನೋಯಿನ್. ಹೈಡ್ರೋಕ್ವಿನೋನ್ ಕೂಡ ಬೇಡ, ಹಚ್ಚಿದ್ದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಮೈಗೆ ಸೇರುತ್ತದೆ. ಬಸುರಿಗೆ ಬಂದ ಬಂಗು ಹೆರಿಗೆಯ ನಂತರ ತಾನಾಗಿ ತಿಳಿಯಾಗುವುದೂ ಉಂಟು, ತಾಳ್ಮೆ ಇರಲಿ.

ಬೇರೆ ಸೀರಂ ಜೊತೆ ಹಚ್ಚಬಹುದಾ?

ನಿಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಜೊತೆ ಸರಿ; ಆಗದು ಎಂಬುದು ಹಳೆಯ ನಂಬಿಕೆ. ರೆಟಿನಾಲ್ ರಾತ್ರಿಗೆ, ವಿಟಮಿನ್ ಸಿ ಬೆಳಿಗ್ಗೆಗೆ. ಮೊಡವೆಯ ಬೆಂಜಾಯ್ಲ್ ಪೆರಾಕ್ಸೈಡ್ ಜೊತೆ ಒಟ್ಟಿಗೆ ಬೇಡ, ಅದು ವಿಟಮಿನ್ ಸಿಯನ್ನು ಕೆಡಿಸುತ್ತದೆ.

ನಾವು ಮೀನು ಮಾರುವವರು, ದಿನವಿಡೀ ಬಿಸಿಲು, ಬೆವರು. ನಮಗೆ ಇದು ಹಿಡಿಸ್ತದಾ?

ಹಿಡಿಸುತ್ತದೆ, ಆದರೆ ಅಕ್ಕಾ, ಮೊದಲು ನೆರಳು, ಆಮೇಲೆ ಸೀರಂ. ವಿಟಮಿನ್ ಸಿ ಬಿಸಿಲನ್ನು ತಡೆಯುವುದಿಲ್ಲ, ತಡೆಯದೇ ಒಳಗೆ ಬಂದ ಬಿಸಿಲಿನ ಹಾನಿಯನ್ನು ಒಂದಿಷ್ಟು ತಗ್ಗಿಸುತ್ತದೆ.

ಬೈತಖೋಲ, ತದಡಿ ಬಂದರಿನಲ್ಲಿ, ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಕೆಲಸ ಮಾಡುವವರಿಗೆ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಣ ಮರಳು ಅತಿನೇರಳೆ ಕಿರಣದ ಶೇ 15ರಷ್ಟನ್ನು, ಸಮುದ್ರದ ನೊರೆ ಶೇ 25ರಷ್ಟನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಛತ್ರಿ ಹಿಡಿದರೂ ಗದ್ದದ ಕೆಳಗೆ ಕಪ್ಪಾಗುವುದು ಅದಕ್ಕೇ. ಅಡಿಕೆ ಹಾಳೆಯ ಟೊಪ್ಪಿ ತಲೆ ಕಾಯುತ್ತದೆ, ಆದರೆ ಅಂಚಿಲ್ಲದ್ದರಿಂದ ಮುಖಕ್ಕೆ ನೆರಳು ಸಿಗದು. ಅಗಲ ಅಂಚಿನ ಟೊಪ್ಪಿ, ಕೆನ್ನೆ ಮುಚ್ಚುವಂತೆ ಕಟ್ಟಿದ ಹತ್ತಿಬಟ್ಟೆ ಬೆವರಿಗೆ ಇಳಿದುಹೋಗುವುದಿಲ್ಲ, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕಾಗಿಯೂ ಇಲ್ಲ.

ಸನ್‌ಸ್ಕ್ರೀನ್ ಹಚ್ಚುವವರು ಎರಡು ಬೆರಳಿನುದ್ದಕ್ಕೆ ಹಿಂಡಿಕೊಂಡಷ್ಟನ್ನು ಮುಖಕ್ಕೆ, ಕುತ್ತಿಗೆಗೆ ಹಚ್ಚಿ. ಬಟಾಣಿಯಷ್ಟು ಹಚ್ಚಿದರೆ ಬಾಟಲಿಯಲ್ಲಿ ಬರೆದ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಬಲ, ಸಿಗುವುದಿಲ್ಲ. ಬೆಳಿಗ್ಗೆ ಮುಖ ತೊಳೆದು, ಒರೆಸಿ, ಸೀರಂ ಹಚ್ಚಿ, ಅದು ಆರಿದ ಮೇಲೆ ಸನ್‌ಸ್ಕ್ರೀನ್. ಶೆಕೆಗಾಲದಲ್ಲಿ ನಡುವೆ ಬೇರೆ ಮಾಯಿಶ್ಚರೈಸರ್ ಬೇಕಾಗುವುದಿಲ್ಲ.

ಮಳೆಗಾಲದಲ್ಲಿ ಸೂರ್ಯನೇ ಕಾಣುವುದಿಲ್ಲ. ಆಗಲೂ ಬೇಕಾ?

ತೆಳು ಮೋಡದ ಮೂಲಕ ಅತಿನೇರಳೆ ಕಿರಣ ಶೇ 80ರವರೆಗೂ ದಾಟಬಲ್ಲದು. ಜಡಿಮಳೆಯ ಕತ್ತಲಲ್ಲಿ ಬಿಡಿ, ಆದರೆ ಹೊಳವಾದ ದಿನ ಹಚ್ಚಿ.

ಮಳೆಗಾಲದ್ದು ಬೇರೆ ತೊಂದರೆ. ಮೂರು ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಕಾರವಾರದಂಥ ಕಡೆ, ಒಣಗದ ಬಟ್ಟೆ ಹಾಕಿಕೊಂಡು ಎದೆ, ಬೆನ್ನು, ಕುತ್ತಿಗೆಗೆ ಸಿಬ್ಬು ಬರುತ್ತದೆ. ಬಿಳಿ ಅಥವಾ ಕಂದು ಮಚ್ಚೆ, ಕೆರೆದರೆ ಹೊಟ್ಟು. ಅದು ಶಿಲೀಂಧ್ರ. ಅದಕ್ಕೆ ವಿಟಮಿನ್ ಸಿ ಹಚ್ಚಿ ಕಾಯುವವರಿದ್ದಾರೆ, ಏನೂ ಆಗುವುದಿಲ್ಲ. ಶಿಲೀಂಧ್ರದ ಔಷಧಿಯೇ ಬೇಕು, ಕಾಯಿಲೆ ಹೋದ ಮೇಲೂ ಬಣ್ಣ ಸರಿಯಾಗಲು ಕೆಲ ತಿಂಗಳು ಹಿಡಿಯುತ್ತದೆ.

ಪಕ್ಕದ ಮನೆಯವಳು ಹಚ್ಚಿದ ಕ್ರೀಮಿನಲ್ಲಿ ಎಂಟೇ ದಿನಕ್ಕೆ ಕಲೆ ಹೋಯಿತು. ಅದನ್ನೇ ಕೊಡಿ.

ಎಂಟು ದಿನದಲ್ಲಿ ಕೆಲಸ ಮಾಡಿತು ಎಂಬುದೇ ಅದನ್ನು ನಾನು ಕೊಡದಿರಲು ಕಾರಣ.

ಅಷ್ಟು ಬೇಗ ಕೆಲಸ ಮಾಡುವುದು ಸಾಮಾನ್ಯವಾಗಿ ಸ್ಟೀರಾಯ್ಡ್. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಸ್ಟೀರಾಯ್ಡ್ ಮೂರೂ ಸೇರಿದ ಮುಲಾಮನ್ನು ವೈದ್ಯರು ಬಂಗಿಗೆ ಕೆಲವು ವಾರ ಬರೆಯುವುದುಂಟು. ಅದರ ಖಾಲಿ ಟ್ಯೂಬು ಹಿಡಿದು ಅಕ್ಕನಿಂದ ತಂಗಿಗೆ, ತಂಗಿಯಿಂದ ನಾದಿನಿಗೆ ದಾಟಿ ವರ್ಷಗಟ್ಟಲೆ ಹಚ್ಚುವುದು ನಮ್ಮಲ್ಲಿ ನಡೆಯುತ್ತಿದೆ. ಚರ್ಮ ಕಾಗದದಷ್ಟು ತೆಳುವಾಗುತ್ತದೆ, ಕೆಂಪು ನರ ಕಾಣುತ್ತದೆ, ಹೆಂಗಸರ ಗದ್ದಕ್ಕೆ ಕೂದಲು ಬರುತ್ತದೆ, ಮೊಡವೆ ಎದ್ದೇಳುತ್ತದೆ. ಬಿಟ್ಟರೆ ಉರಿ, ಬಿಡದಿದ್ದರೆ ಹಾನಿ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದ್ದು ಇದಕ್ಕೇ. ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಕೇಳಿದ್ದಕ್ಕೆ ಸಿಟ್ಟಾಗಿ ಬೇರೆ ಅಂಗಡಿಗೆ ಹೋದವರಿದ್ದಾರೆ, ಹೋಗಲಿ.

ಎರಡನೆಯದು ಪಾದರಸ. ಊರು, ವಿಳಾಸ, ಲೈಸೆನ್ಸ್ ಸಂಖ್ಯೆ ಇಲ್ಲದ ಸಣ್ಣ ಡಬ್ಬಿಗಳಲ್ಲಿ ಬರುವ ಬೆಳ್ಳಗಾಗಿಸುವ ಕ್ರೀಮು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿಯ ಒಂದು ಅಪರೂಪದ ಕಾಯಿಲೆ ಹಲವರಲ್ಲಿ ಕಂಡುಬಂದು, ವೈದ್ಯರು ಬೆನ್ನು ಹತ್ತಿ ನೋಡಿದರೆ ಅವರಲ್ಲಿ ಅನೇಕರು ಇಂಥ ಕ್ರೀಮು ಹಚ್ಚುತ್ತಿದ್ದರು. ನಮ್ಮ ಕಾಸ್ಮೆಟಿಕ್ಸ್ ನಿಯಮದಂತೆ ಮುಖದ ಕ್ರೀಮಿನಲ್ಲಿ ಅರಿವಿಲ್ಲದೆ ಸೇರಿದ ಪಾದರಸ ಕೂಡ ಹತ್ತು ಲಕ್ಷಕ್ಕೆ ಒಂದು ಪಾಲು ದಾಟುವಂತಿಲ್ಲ. ಗಲ್ಫಿನಿಂದ ಬಂದವರು ತಂದುಕೊಟ್ಟ ಡಬ್ಬಿಯಾದರೂ ಅಷ್ಟೇ, ಹಿಂದಿನ ಚೀಟಿ ಓದಿ; ಚೀಟಿಯೇ ಇಲ್ಲದಿದ್ದರೆ ಹಚ್ಚಬೇಡಿ.

ಕೊಳ್ಳುವಾಗ ಏನು ನೋಡಬೇಕು?

ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವ ತಿಂಗಳೊಳಗೆ ಬಳಸಬೇಕು ಎಂಬ ದಿನಾಂಕ, ಒಳಗಿನ ವಸ್ತುಗಳ ಪಟ್ಟಿ. ಇಷ್ಟಿಲ್ಲದ್ದು ಬೇಡ. ಪಟ್ಟಿಯಲ್ಲಿ ವಿಟಮಿನ್ ಸಿಯ ಹೆಸರು ಮೊದಲ ನಾಲ್ಕೈದರೊಳಗೆ ಇರಲಿ. ಕೊನೆಯಲ್ಲಿ ಸುವಾಸನೆಯ ನಂತರ ಬಂದಿದ್ದರೆ ಅದು ಹೆಸರಿಗಷ್ಟೇ. ಬಾಟಲಿ ಗಾಢ ಬಣ್ಣದ್ದಿರಲಿ, ಗಾಳಿಯಾಡದ ಪಂಪ್ ಇದ್ದರೆ ಇನ್ನೂ ಒಳ್ಳೆಯದು. ಪಾರದರ್ಶಕ ಗಾಜಿನಲ್ಲಿ, ಅಂಗಡಿಯ ಮುಂಭಾಗದ ಬಿಸಿಲಿಗೆ ಸಾಲಾಗಿ ಜೋಡಿಸಿಟ್ಟದ್ದನ್ನು ಕೊಳ್ಳಬೇಡಿ, ಅಂಗಡಿ ಎಷ್ಟೇ ದೊಡ್ಡದಿರಲಿ.

ಒಂದಕ್ಕೇ ದುಡ್ಡಿದೆ. ಸೀರಮ್ಮಾ, ಸನ್‌ಸ್ಕ್ರೀನಾ?

ಸನ್‌ಸ್ಕ್ರೀನ್. ಅದಕ್ಕೂ ಕಷ್ಟವಾದರೆ ಛತ್ರಿ. ಸೀರಂ ಮೂರನೆಯದು.

ಎಷ್ಟು ದಿನ ನೋಡಿ, ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಹೊಳಪು ಒಂದು ತಿಂಗಳಲ್ಲಿ ಕಾಣಬಹುದು, ಕಲೆಗೆ ಮೂರರಿಂದ ನಾಲ್ಕು ತಿಂಗಳು ಕೊಡಿ. ಅಷ್ಟರಲ್ಲೂ ವ್ಯತ್ಯಾಸ ಕಾಣದಿದ್ದರೆ ಎರಡನೆಯ ಬಾಟಲಿಗೆ ದುಡ್ಡು ಹಾಕಬೇಡಿ, ಚರ್ಮದ ವೈದ್ಯರಿಗೆ ತೋರಿಸಿ. ಸ್ಪರ್ಶ ಗೊತ್ತಾಗದ ಮಚ್ಚೆ, ಬೇಗ ಬೆಳೆಯುವ ಅಥವಾ ರಕ್ತ ಬರುವ ಕಪ್ಪು ಚುಕ್ಕೆ, ಕೀಲುನೋವಿನ ಜೊತೆಗೆ ಕೆನ್ನೆಯ ಕೆಂಪು ಇದ್ದರೆ ಸೀರಂ ಹಚ್ಚಿ ಕಾಯಲೇಬೇಡಿ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಎಲ್ಲದಕ್ಕೂ ಹುಬ್ಬಳ್ಳಿ, ಮಣಿಪಾಲದ ಬಸ್ಸು ಹತ್ತಬೇಕಾಗಿಲ್ಲ. ಹೋಗುವಾಗ ಮುಖಕ್ಕೆ ಇಲ್ಲಿಯತನಕ ಹಚ್ಚಿದ ಎಲ್ಲ ಟ್ಯೂಬು, ಡಬ್ಬಿ, ಬಾಟಲಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಚಿಕೆಯಿಂದ ಮನೆಯಲ್ಲಿ ಬಿಟ್ಟುಹೋಗುವ ಡಬ್ಬಿ ಯಾವುದೋ, ಡಾಕ್ಟರು ಮೊದಲು ನೋಡಬೇಕಾದದ್ದು ಅದನ್ನೇ.